ನಿಂಬೆಹಣ್ಣು ನಿಲ್ಲದ ಅಂಗೈ

ನನ್ನ ಎಡಗೈ ಕೆಟ್ಟದ್ದು ಬಿದ್ದದ್ದರಿಂದ ಅಲ್ಲ, ಜ್ವಾಕಿ ಮಾಡಿದ್ದರಿಂದ. ಬಿದ್ದಾಗ ಎಲುಬು ಮುರಿದಿತ್ತು, ಅದು ಕೂಡಿಕೊಂಡಿತು. ಆಮೇಲೆ ಮನೆಯವರ ಪ್ರೀತಿ ಬಂದು ಅದರ ಮೇಲೆ ಕುಂತಿತು. ಆ ಭಾರಕ್ಕೆ ಕೈ ಏಳಲಿಲ್ಲ. ಇದನ್ನು ಯಾರ ಮೇಲಿನ ಸಿಟ್ಟಿಗೂ ಬರೆಯುತ್ತಿಲ್ಲ. ಆದದ್ದು ಹಿಂಗ, ಅಷ್ಟೇ.

ಬಿದ್ದದ್ದು ಬೆಳಗಾವಿಯ ರವಿವಾರ ಪೇಟೆಯಲ್ಲಿ. ಜೋಳ ನೋಡಲಿಕ್ಕೆ ಹೋಗಿದ್ದೆ. ಮಗನ ಮನೆಗೆ ಪಾಕೀಟಿನ ಹಿಟ್ಟು ಬರುತ್ತದೆ, ಅದು ನನಗೆ ಸೇರುವುದಿಲ್ಲ. ಜೋಳವನ್ನು ಮುಷ್ಟಿಯಲ್ಲಿ ಹಿಡಿದು, ಒಂದು ಕಾಳು ಕಡಿದು ನೋಡಿ ತರಬೇಕು. ಮಳೆ ಆಗಷ್ಟೇ ನಿಂತಿತ್ತು. ಅಂಗಡಿ ಮುಂದೆ ಹಾಸಿದ ಗೋಣಿತಟ್ಟು ತೊಯ್ದಿತ್ತು, ಅದರ ಮೇಲೆ ಉಳ್ಳಾಗಡ್ಡಿ ಸಿಪ್ಪೆ. ಕಾಲು ಜಾರಿತು, ಎಡಗೈ ಊರಿದೆ, ಕಟಕ್ ಅಂದಿತು.

ಹಮಾಲನೊಬ್ಬ ಬೆನ್ನ ಮೇಲಿನ ಚೀಲ ಇಳಿಸದೇ ಕೇಳಿದ, "ಆಯೀ, ಏನಾತ್ರಿ?"

"ಏನಿಲ್ಲಪಾ, ಕೈ ಮುರೀತು," ಅಂದೆ.

ಅವನು ನಕ್ಕ. ಮುದುಕಿ ಚಾಷ್ಟಿ ಮಾಡಾಕತ್ತಾಳ ಅಂತ ತಿಳಿದ. ನನ್ನ ಮಾರಿ ನೋಡಿದ ಮೇಲೆ ಚೀಲ ಇಳಿಸಿದ.

ದವಾಖಾನೆಯಲ್ಲಿ ಕಟ್ಟಿದ ಪಟ್ಟಿ ಬಿಚ್ಚಿದಾಗ ಕೈ ಬಾಡಿದ ಮೂಲಂಗಿ ಕಂಡಂಗ ಕಂಡಿತು. ಬೆರಳು ಆಡುತ್ತಿದ್ದವು. ಚಹಾದ ಕಪ್ಪು ಹಿಡಿಯುತ್ತಿತ್ತು, ಸೆರಗು ಎಳೆದುಕೊಳ್ಳುತ್ತಿತ್ತು. ಒಂದೇ ಕೆಲಸ ಬರುತ್ತಿರಲಿಲ್ಲ. ಅಂಗೈ ಮೇಲ್ಮುಖ ಆಗುತ್ತಿರಲಿಲ್ಲ. ತಿರುವುತ್ತಾ ಹೋದರೆ ಅರ್ಧಕ್ಕೆ ಕೀಲು ಹಿಡಿದು ನಿಲ್ಲುತ್ತಿತ್ತು. ಹೆಬ್ಬೆರಳು ಮಾಳಿಗೆ ನೋಡುತ್ತಿತ್ತು, ಅಂಗೈ ಗೋಡೆ ನೋಡುತ್ತಿತ್ತು. ಅರ್ಧ ಮುಚ್ಚಿದ ಬಾಗಿಲು ಇದ್ದಂಗ.

ಎಡಗೈ ತಾನೇ, ಹೋದರೆ ಹೋಗಲಿ ಅಂತ ಯಾರಾದರೂ ಅಂದಾರು. ನಾವು ಲಿಂಗ ಕಟ್ಟಿಕೊಳ್ಳುವವರು. ಮುಂಜಾನೆ ಜಳಕ ಮಾಡಿ, ಕೊರಳಲ್ಲಿನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಬೇಕು. ಬಲಗೈಗೆ ಬಗೆಬಗೆಯ ಕೆಲಸ. ನೀರು ಹಾಕುತ್ತದೆ, ವಿಭೂತಿ ಹಚ್ಚುತ್ತದೆ, ಹೂವು ಇಡುತ್ತದೆ. ಎಡಗೈಗೆ ಒಂದೇ ಕೆಲಸ, ಅಲುಗಾಡದೇ ಹೊತ್ತುಕೊಂಡು ಕುಂದರುವುದು. ಸಣ್ಣ ಹುಡುಗಿ ಇದ್ದಾಗಿನಿಂದ ಮಾಡಿದ ಆ ಒಂದು ಕೆಲಸವನ್ನು ನನ್ನ ಕೈ ಮರೆತುಬಿಟ್ಟಿತ್ತು.

ದವಾಖಾನೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಹುಡುಗಿಯೊಬ್ಬಳು ಇದ್ದಳು. ಮಾತು ಮೆತ್ತಗೆ, ಹಿಡಿತ ಭಾಳ ಗಟ್ಟಿ. ಅಡುಗೆಮನೆಯ ಉದ್ದ ಹಿಡಿಯ ಸೌಟು ತರಲಿಕ್ಕೆ ಹೇಳಿದ್ದಳು. ಸೌಟಿನ ಹಿಡಿಯನ್ನು ಮುಷ್ಟಿಯಲ್ಲಿ ನೆಟ್ಟಗೆ ಹಿಡಿದು, ಮೇಲಿನ ತೂಕ ಹೊರಗಡೆ ವಾಲಲಿಕ್ಕೆ ಬಿಡಬೇಕು. ಸೌಟು ತನ್ನ ಭಾರದಿಂದ ಕೈಯನ್ನು ತಿರುವುತ್ತದೆ. ತಿರುವಿದಲ್ಲಿ ತಡೆದುಕೊಂಡು ಹಿಡಿಯಬೇಕು.

"ನೋವು ಆಗತೈತ್ರಿ ಅಜ್ಜಿ. ಆಗಬೇಕು," ಅಂದಳು. "ಮುಗದ ಮ್ಯಾಲೆ ಒಂದ್ ಕಪ್ ಚಹಾ ಮುಂದ ಇಟ್ಕೋರಿ. ಚಹಾ ಆರೂದ್ರೊಳಗ ನೋವು ಇಳೀತಂದ್ರ ಕೈ ಕಲಿಯಾಕತ್ತೈತಿ. ಮರುದಿನ ಮುಂಜಾನಿಗೂ ಹಂಗ ಇದ್ರ ನೀವು ಅತೀ ಮಾಡೀರಿ ಅಂತ ತಿಳ್ಕೋರಿ."

ಎಲುಬಿನ ಮೇಲೆ ಯಾರೋ ಗರಗಸ ಆಡಿಸಿದಂಗ ಆಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ, ಆದರೆ ಕಣ್ಣು ನನ್ನ ಮಾತು ಕೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗ ಅದನ್ನ ಕಂಡ.

"ಸಾಕ ಬಿಡ್ರಿ! ಮುದುಕಿನ್ನ ಕೊಲ್ಲಾಕತ್ತೀರೇನು?"

"ಸರ್, ಈಗ ಸ್ವಲ್ಪ ಅತ್ರ ಮುಂದ ಚಲೋ ಆಗತೈತ್ರಿ."

"ಅಕಿ ಅಳೂದ ಬ್ಯಾಡ. ಕೈ ಹೆಂಗ ಇರತೈತಿ ಹಂಗ ಇರ್ಲಿ."

ನನ್ನನ್ನು ಕಾರಿನಲ್ಲಿ ಕೂಡಿಸಿಕೊಂಡು ಬಂದ. ದಾರಿಯಲ್ಲಿ ಸೌಟು ನನ್ನ ತೊಡೆ ಮೇಲೆ ಇತ್ತು. ಮನೆಗೆ ಬಂದ ಮೇಲೆ ಸೊಸೆ ಅದನ್ನು ತೊಳೆದು ಸಾರಿನ ಪಾತ್ರೆಗೆ ಹಾಕಿದಳು. ಮುಂದೆ ದವಾಖಾನೆಗೆ ಹೋಗಲಿಲ್ಲ.

ಸೊಸೆ ಒಳ್ಳೆಯವಳು. ಕೆಟ್ಟವಳಾಗಿದ್ದರೆ ನನ್ನ ಕೈ ಎಂದೋ ನೆಟ್ಟಗಾಗುತ್ತಿತ್ತು. ಸಾಲಿಯಲ್ಲಿ ಕಲಿಸುತ್ತಾಳೆ, ಬಂದವಳೇ ದುಡಿಯುತ್ತಾಳೆ. "ಅತ್ತಿ, ನೀವು ಕೈ ಹಚ್ಚಬ್ಯಾಡ್ರಿ" ಅನ್ನುವುದು ಅವಳ ಬಾಯಲ್ಲಿ ಉಸಿರಿದ್ದಂಗ. ನನ್ನ ಸೀರೆ ಅವಳೇ ಹಿಂಡಿದಳು, ಡಬ್ಬಿಯ ಮುಚ್ಚಳ ಅವಳೇ ತೆಗೆದಳು. ರೊಟ್ಟಿ ಅಂಗಡಿಯಿಂದ ಬರತೊಡಗಿದವು. ಅವನ್ನು ಮುರಿದು, ಪಲ್ಯ ಹಚ್ಚಿ, ತಾಟಿನಲ್ಲಿ ಇಟ್ಟು ಹೋಗುತ್ತಿದ್ದಳು. ಕೈ ನೇತು ಹಾಕಿಕೊಳ್ಳಲಿಕ್ಕೆ ಹೂವಿನ ಬಟ್ಟೆಯ ಜೋಳಿಗೆ ಹೊಲಿದುಕೊಟ್ಟಳು. ಪಟ್ಟಿ ಬಿಚ್ಚಿ ಎಷ್ಟೋ ದಿನ ಆಗಿತ್ತು, ಜೋಳಿಗೆ ಮಾತ್ರ ಕೊರಳಲ್ಲಿ ಉಳಿಯಿತು.

ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಬಾಗಿಲು ತಾನಾಗಿ ಕೀಲಿ ಬೀಳುತ್ತದೆ. ಆಮೇಲೆ ಸಂಜೆ ತನಕ ಮನೆಯಲ್ಲಿ ಮಾತಾಡುವುದು ಫ್ರಿಜ್ಜು ಒಂದೇ. ಟೀವಿ ಹಚ್ಚುತ್ತಿದ್ದೆ. ನೋಡಲಿಕ್ಕಲ್ಲ, ಮನುಷ್ಯರ ದನಿ ಬೇಕು ಅಂತ. ಮರಾಠಿ ಬಂದರೂ ಸರಿ, ಕನ್ನಡ ಬಂದರೂ ಸರಿ. ಎದುರು ಮನೆಯಾಕೆ ಬಾಗಿಲಲ್ಲಿ ಸಿಕ್ಕರೆ "ಜೇವಣ ಝಾಲಂ ಕಾ, ಆಜಿ?" ಅಂತ ಊಟದ ವಿಚಾರ ಕೇಳಿ, ಉತ್ತರ ಕೇಳುವುದರೊಳಗೆ ಲಿಫ್ಟಿನಲ್ಲಿ ಇಳಿದುಬಿಡುತ್ತಿದ್ದಳು. ಮೊದಲೆಲ್ಲಾ ಹಿಟ್ಟು ನಾದುವುದು, ಬಟ್ಟೆ ಹಿಂಡುವುದು, ಪೇಟೆಗೆ ಹೋಗುವುದು ಅಂತ ಹೊತ್ತು ಹೋಗುತ್ತಿತ್ತು. ಈಗ ಹೊತ್ತು ನನ್ನ ಎದುರಿಗೇ ಕುಂತಿರುತ್ತಿತ್ತು.

ಇನ್ನೊಂದು ಮಾತು. ಯಜಮಾನರು ಹೋದ ಮೇಲೆ ನನ್ನನ್ನು ಯಾರೂ ಮುಟ್ಟುವುದಿಲ್ಲ. ಇದು ದೂರಲ್ಲ. ಮುದುಕಿಯನ್ನು ಯಾರು ಯಾಕೆ ಮುಟ್ಟುತ್ತಾರೆ? ಹಬ್ಬಕ್ಕೆ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾರೆ, ಅದು ಕಾಲಿಗೆ. ಕೈಯಲ್ಲಿ ಭಾರ ಅಂತ ಕುಂದರುತ್ತಿದ್ದದ್ದು ಆ ಲಿಂಗ ಒಂದೇ. ಮುಂಜಾನೆ ತಣ್ಣಗೆ ಬಂದು ಅಂಗೈಯಲ್ಲಿ ಕುಂತು, ಪೂಜೆ ಮುಗಿಯುವಾಗ ನನ್ನ ಬಿಸಿ ತಗೊಂಡು ಬೆಚ್ಚಗಾಗಿರುತ್ತಿತ್ತು. ಅದೂ ಹೋತು.

ಮನೆಗೆ ಬಂದ ಅಯ್ಯನವರು, "ಬಟ್ಟಲದಾಗ ಇಟ್ಟು ಪೂಜಿ ಮಾಡ್ರಿ ತಾಯಿ, ಏನೂ ದೋಷ ಇಲ್ಲ" ಅಂದರು. ಅವರ ಕೈ ನೆಟ್ಟಗಿತ್ತು, ಅವರಿಗೆ ಹೇಳಲಿಕ್ಕೆ ಸಲೀಸು. ಸ್ಟೀಲಿನ ಬಟ್ಟಲದಲ್ಲಿ ಇಟ್ಟು ಮಾಡತೊಡಗಿದೆ. ನೀರು ಬಿದ್ದರೆ ಟಣಟಣ ಸಪ್ಪಳ. ಅಂಗೈಯಲ್ಲಿ ನೀರು ಸಪ್ಪಳ ಮಾಡುವುದಿಲ್ಲ. ಬಟ್ಟಲದಲ್ಲಿನ ಲಿಂಗ ಎಷ್ಟು ಹೊತ್ತು ನೋಡಿದರೂ ಬೆಚ್ಚಗಾಗಲಿಲ್ಲ.

ಒಂದು ದಿನ ಇಬ್ಬರೂ ಹೋದ ಮೇಲೆ ಬಟ್ಟಲ ಸರಿಸಿದೆ. ಮೊಣಕಾಲಿನ ಆಸರೆ ಕೊಟ್ಟು, ಕೈ ಎಷ್ಟು ತಿರುಗುತ್ತದೋ ಅಷ್ಟು ತಿರುವಿ, ಲಿಂಗವನ್ನು ಇಟ್ಟುಕೊಂಡೆ. ಬಲಗೈ ತೆಗೆದೆ. ಅದು ನಿಂತಂಗ ಮಾಡಿ ಮೆಲ್ಲಕ ಜಾರಿತು. ತೊಡೆಗೆ ಬಡಿದು ಫರಶಿಯ ಮೇಲೆ ಬಿತ್ತು.

ನಮ್ಮಲ್ಲಿ ಲಿಂಗ ಕೈಯಿಂದ ಬೀಳುವುದು ಸಣ್ಣ ಮಾತಲ್ಲ. ಹಳೆ ಮಂದಿ ಏನೇನು ಹೇಳುತ್ತಿದ್ದರು ಅನ್ನುವುದನ್ನ ಬರೆಯುವುದಿಲ್ಲ. ನಾನು ಕುಂತಲ್ಲೇ ಕುಂತು ಅದನ್ನ ನೋಡಿದೆ. ಉರುಳಿ ಸೋಫಾದ ಕಾಲಿಗೆ ತಾಗಿ ನಿಂತಿತ್ತು. ಬಗ್ಗಿ ಬಲಗೈಯಿಂದ ಎತ್ತಿದೆ. ಮೇಲೆ ಮೆತ್ತಿದ ಕರಿ ಲೇಪ, ಕಂತಿ ಅಂತೀವಲ್ಲ, ಅದು ಒಂದು ಕಡೆ ಚೂರು ಎದ್ದಿತ್ತು, ಒಳಗೆ ಏನೂ ಆಗಿರಲಿಲ್ಲ. ಬೈಯಲಿಕ್ಕೂ ಮನೆಯಲ್ಲಿ ಒಂದು ಜೀವ ಇರಲಿಲ್ಲ. ಯಾರಾದರೂ ಬಂದು "ಏನ್ ಮಾಡಿದಿ, ಮುದುಕೀ!" ಅಂತ ಚೀರಿದ್ದರೆ ಎಷ್ಟೋ ಹಗುರ ಆಗುತ್ತಿತ್ತು. ಫ್ರಿಜ್ಜು ಗುರ್ ಅಂದು ಸುಮ್ಮನಾಯಿತು.

ಸಂಜೆ ನಾನೇ ಹೇಳಿದೆ. ಸೊಸೆ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಮಗ ಅಂದ, "ಅಯ್ಯನೋರು ಹೇಳಿರಲಿಲ್ಲೇನ ಯವ್ವಾ ನಿನಗ, ಬಟ್ಟಲದಾಗ ಇಡು ಅಂತ? ಇನ್ನ ಮ್ಯಾಲೆ ಕೈಯಾಗ ಹಿಡಿಯಂಗಿಲ್ಲ. ಮಾತ ಕೊಡು."

"ಕೊಡಂಗಿಲ್ಲ."

"ಮತ್ತ ಬಿದ್ರ?"

"ಬೀಳಲಾರದಂಗ ಕೈ ಮಾಡ್ಕೋತೀನಿ. ನಾಳೆ ಖಾನಾಪುರಕ್ಕ ಹೋಗ್ತೀನಿ, ತಂಗಿ ಕಡೆ."

"ಈ ಮಳಿಯಾಗ? ಅಲ್ಲಿ ನಿನ್ನ ಯಾರು ನೋಡ್ತಾರ?"

"ಯಾರೂ ನೋಡೂದಿಲ್ಲ. ಅದಕ್ಕ ಹೋಗಾಕತ್ತೀನಿ."

ಮರುದಿನ ಅವನು ಚೀಲ ಹಿಡಿದುಕೊಂಡು ಬಸ್ಸಿನ ತನಕ ಬಂದ. ಈಗ ಹೆಂಗಸರಿಗೆ ಬಸ್ಸಿಗೆ ರೊಕ್ಕ ಇಲ್ಲ, ಆಧಾರ ಕಾರ್ಡು ತೋರಿಸಿದರೆ ಸಾಕು. ಕಂಡಕ್ಟರ ಕಾರ್ಡಿನಲ್ಲಿನ ಫೋಟೋ ನೋಡಿದ, ನನ್ನ ನೋಡಿದ, ಮತ್ತೆ ಫೋಟೋ ನೋಡಿದ. "ನಾನ ಅದೀನೋ, ಹಳೇಕಿ ಆಗೇನಿ," ಅಂದೆ.

ತಂಗಿ ನನಗಿಂತ ಸಣ್ಣಾಕಿ, ಬಾಯಿ ನನಗಿಂತ ದೊಡ್ಡದು. ಖಾನಾಪುರದ ಅಂಚಿಗೆ ಮನೆ. ಅವಳ ಮಗ, ಸೊಸೆ ಜಾಂಬೋಟಿ ಕಡೆಯ ಭತ್ತದ ಗದ್ದೆಗೆ ಮುಂಜಾನೆ ಹೋದರೆ ಸಂಜೆಗೆ ಬರುತ್ತಾರೆ. ಮನೆಯಲ್ಲಿ ಅಡುಗೆ ಇವಳದೇ. ಅರ್ಧ ಆಯುಷ್ಯ ಮರಾಠಿ ಮಂದಿಯ ನಡುವೆ ಕಳೆದು, ಸಿಟ್ಟು ಬಂದರೆ ಮರಾಠಿ, ಹಸಿವಾದರೆ ಕನ್ನಡ.

ಬಾಗಿಲಲ್ಲಿ ನನ್ನ ನೋಡಿದವಳೇ, "ಅಗ ಬಾಯಿ! ಇದೇನ ಕೊರಳಾಗ ಜೋಳಿಗಿ? ಭಿಕ್ಷಾಕ್ಕ ಹೊಂಟೀಯೇನು?" ಅಂದಳು.

"ಕೈ ಐತಿ ಒಳಗ."

"ಹೊರಗ ತಗಿ. ನಮ್ಮ ಮನ್ಯಾಗ ಕೈ ಒಳಗ ಇಟ್ಕೊಂಡವರಿಗೆ ಊಟ ಇಲ್ಲ."

ಆ ಹೂವಿನ ಬಟ್ಟೆ ಅವತ್ತಿನಿಂದ ಒಲೆ ಮೇಲಿನ ಬಿಸಿ ಪಾತ್ರೆ ಇಳಿಸುವ ಅರಿವೆ ಆಯಿತು.

ಲಿಂಗ ಬಿದ್ದದ್ದು ಹೇಳಿದೆ. ಅವಳು ಹಿತ್ತಲಿಗೆ ಹೋಗಿ ಗಿಡದಿಂದ ಒಂದು ನಿಂಬೆಹಣ್ಣು ಹರಿದು ತಂದಳು. "ಇದನ್ನ ಅಂಗೈಯಾಗ ಇಡು. ಇದು ನಿಂತ ದಿವಸ ಲಿಂಗ ನಿಲ್ಲತೈತಿ. ಅಲ್ಲೀಮಟ ಬಟ್ಟಲ." ನಿಂಬೆಹಣ್ಣು ದುಂಡಗೆ, ಲಿಂಗಕ್ಕಾದರೂ ಕೆಳಗೆ ಸಪಾಟ ಇರುತ್ತದೆ. ಅಂಗೈ ಒಂದು ಎಳೆ ವಾಲಿದರೂ ಹಣ್ಣು ಉರುಳಿ ಹೋಗುತ್ತಿತ್ತು. ಉರುಳಿ ಹೋದದ್ದನ್ನೆಲ್ಲ ತಂಗಿ ಎತ್ತಿಕೊಂಡು, ಒರೆಸಿ, ಕೊಯ್ದು ಉಪ್ಪು ಹಾಕಿ ಭರಣಿಗೆ ಸುರಿಯುತ್ತಿದ್ದಳು. "ಬೀಳಿಸು, ಬೀಳಿಸು, ವರ್ಷದ ಉಪ್ಪಿನಕಾಯಿ ಆಗತೈತಿ," ಅಂತಿದ್ದಳು.

ದವಾಖಾನೆಯ ಹುಡುಗಿ ಹೇಳಿದ್ದನ್ನ ಮತ್ತೆ ಹಿಡಿದೆ. ಮುಂಜಾನೆ ಸೌಟು. ಆಮೇಲೆ ಮನೆಗೆಲಸ. ತಂಗಿ ಬೇಕಂತಲೇ ಎರಡು ಕೈಯ ಕೆಲಸ ಕೊಡುತ್ತಿದ್ದಳು. ತೊಯ್ದ ಬಟ್ಟೆ ಹಿಂಡುವುದು, ಬಾವಿಯಿಂದ ಸೇದಿದ ಕೊಡವನ್ನು ಕಟ್ಟೆಗೆ ಎಳೆಯುವುದು. ಎಲ್ಲಕ್ಕಿಂತ ಕಠಿಣ ಅಕ್ಕಿ ರೊಟ್ಟಿ. ಬೆಳಗಾವಿಯಲ್ಲಿ ನಮ್ಮದು ಜೋಳ, ಖಾನಾಪುರದಲ್ಲಿ ಅಕ್ಕಿ, ಬಡಿಯುವುದು ಮಾತ್ರ ಒಂದೇ. ಬಡಿಯುವಾಗ ಅಂಗೈ ಕೆಳಗೆ ನೋಡುತ್ತದೆ, ಅದು ಬರುತ್ತಿತ್ತು. ಬಡಿದ ರೊಟ್ಟಿಯನ್ನು ಕಟ್ಟಿಗೆಯ ಪರಾತದಿಂದ, ಕೊಣಮಿಗೆಯಿಂದ ಎತ್ತಿ ಎಡ ಅಂಗೈ ಮೇಲೆ ಹಾಕಿಕೊಂಡು ಹಂಚಿಗೆ ಒಯ್ಯಬೇಕಲ್ಲ, ಅಲ್ಲಿ ಕೈ ತಿರುಗಬೇಕು. ತಿರುಗುತ್ತಿರಲಿಲ್ಲ. ರೊಟ್ಟಿ ನಡುವೆ ಹರಿದು ಒಂದು ತುಂಡು ಹಂಚಿಗೆ, ಒಂದು ತುಂಡು ಬೂದಿಗೆ.

"ಇದನ್ನ ನಾಯೀನೂ ಮೂಸೂದಿಲ್ಲ," ಅಂತ ತಂಗಿ ಬೈಯುತ್ತಾ ಹಂಚಿನ ತುಂಡು ತಾನೇ ತಿಂದಳು.

ಚಹಾ ಮುಂದಿಟ್ಟುಕೊಂಡು ಕುಂದರುತ್ತಿದ್ದೆ. ಕೈ ಉರಿಯುತ್ತಿತ್ತು. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಕೆನೆ ಸುಕ್ಕಾಗುವ ಹೊತ್ತಿಗೆ ಉರಿ ಇಳಿಯುತ್ತಿತ್ತು. ಅಷ್ಟಾದ ಮೇಲೆ ತಣ್ಣನೆ ಚಹಾ ಕುಡಿಯುತ್ತಿದ್ದೆ. ಆ ಮಳೆಗಾಲದಲ್ಲಿ ನಾನು ಬಿಸಿ ಚಹಾ ಕುಡಿದದ್ದೇ ಇಲ್ಲ.

ಒಮ್ಮೆ ಅತೀ ಮಾಡಿದೆ. ಮಳೆ ಬಿಟ್ಟ ದಿನ, ಕೈ ಹಗುರ ಅನಿಸಿತು ಅಂತ ತುಂಬಿದ ತಾಮ್ರದ ಕೊಡವನ್ನು ಎಡಗೈಯಿಂದಲೇ ಎತ್ತಿ ತಂದೆ. ತಂಗಿಗೆ ತೋರಿಸಬೇಕಿತ್ತು. ಚಹಾ ಆರಿತು, ನೋವು ಆರಲಿಲ್ಲ. ಮರುದಿನ ಮಣಿಕಟ್ಟು ಬಾತುಕೊಂಡು ಬಳೆ ಮೇಲೆ ಸರಿಯಲಿಲ್ಲ. ಕೆಲವು ದಿನ ಸೌಟು ಮುಟ್ಟಲಿಲ್ಲ. "ಭಾಳ ಶಾಣ್ಯಾಕಿ," ಅಂದಳು ತಂಗಿ. ಅಷ್ಟೇ ಅಂದಳು. ಸಮಾಧಾನ ಮಾಡಲಿಲ್ಲ, ಬಿಡು ಅಂತಲೂ ಅನ್ನಲಿಲ್ಲ. ಬಾವು ಇಳಿದ ದಿನ ಸೌಟು ತಂದು ಕಾಲ ಬಳಿ ಇಟ್ಟು ಹೋದಳು.

ಅಲ್ಲೂ ಒಬ್ಬಳೇ ಇದ್ದೆ ಅನ್ನುವುದು ಖರೆ. ಮಧ್ಯಾಹ್ನ ತಂಗಿ ಮಲಗಿದರೆ ಮನೆಯಲ್ಲಿ ಮಳೆಯದು ಬಿಟ್ಟು ಬೇರೆ ಸಪ್ಪಳ ಇರಲಿಲ್ಲ. ಮಾಡಿನ ಹಂಚಿನ ಮೇಲೆ, ಹಿತ್ತಲ ಬಾಳೆಎಲೆ ಮೇಲೆ, ಒಂದೇ ಸವನೆ. ಕೈ ತಿರುವುವಾಗ ಆ ನೋವಿನೊಳಗೆ ಇನ್ನೊಬ್ಬರು ಬರಲಿಕ್ಕೆ ಜಾಗ ಇಲ್ಲ, ಬಾಜೂಕ ಒಡಹುಟ್ಟಿದವಳೇ ಕುಂತಿದ್ದರೂ. ಯಜಮಾನರು ಇದ್ದಿದ್ದರೆ ಅವರಿಗೂ ಜಾಗ ಇರುತ್ತಿರಲಿಲ್ಲ. ಆದರೂ ಬೆಳಗಾವಿಯ ಸೋಫಾದ ಮೇಲೆ ಕುಂತಾಗಿನ ಒಬ್ಬಳೇ ಬೇರೆ, ಇದು ಬೇರೆ. ಇಲ್ಲಿ ಕೈಯ ಜತೆ ಜಗಳಾಡುತ್ತಿದ್ದೆ. ಜಗಳಕ್ಕಾದರೂ ಒಬ್ಬರು ಸಿಕ್ಕಂಗ ಆಗಿತ್ತು.

ಒಂದು ಮಧ್ಯಾಹ್ನ ನಿಂಬೆಹಣ್ಣು ನಿಂತಿತು. ಅಂಥಾ ಮಧ್ಯಾಹ್ನವೇನೂ ಅಲ್ಲ. ಜಿಟಿಜಿಟಿ ಹತ್ತಿತ್ತು, ತಂಗಿ ಗೊರಕೆ ಹೊಡೆಯುತ್ತಿದ್ದಳು. ಹಣ್ಣು ಇಟ್ಟೆ, ಅದು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಆಡಿ, ಅಂಗೈಯ ಗುಳಿಯಲ್ಲಿ ಕುಂತಿತು. "ಏಯ್, ನೋಡ ಇಲ್ಲಿ," ಅಂದೆ. ಅವಳು ಏಳಲಿಲ್ಲ. ಇನ್ನೊಮ್ಮೆ ಕರೆಯಬೇಕು ಅನಿಸಿತು, ಕರೆಯಲಿಲ್ಲ. ಸಾಕಾಗುವ ತನಕ ನಾನೇ ನೋಡಿದೆ. ಆಮೇಲೆ ಆ ಹಣ್ಣನ್ನೂ ಕೊಯ್ದು ಭರಣಿಗೆ ಹಾಕಿದೆ.

ಎದ್ದ ಮೇಲೆ ತಂಗಿ ಅಂದಳು, "ಹಂಗಾರ ನಾಳೆ ಇಲ್ಲೇ ಲಿಂಗ ಹಿಡಿ. ನಾ ನೋಡ್ತೀನಿ."

"ಇಲ್ಲಿ ಅಲ್ಲ. ಬಿದ್ದ ಜಾಗದಾಗ ಹಿಡೀತೀನಿ."

"ಅಲ್ಲಿ ಮತ್ತ ಬಿದ್ರ?"

"ಬಿದ್ರ ಬಟ್ಟಲಾನ ಗತಿ. ಆಮ್ಯಾಲೆ ಯಾರ ಮುಂದೂ ಮಾತ ತಗಿಯಂಗಿಲ್ಲ."

ಅವಳು ಭರಣಿಯ ಬಾಯಿಗೆ ಅರಿವೆ ಕಟ್ಟಿಕೊಟ್ಟಳು, ಅದೇ ಹೂವಿನ ಬಟ್ಟೆ. ಬಸ್ಸು ಹತ್ತುವಾಗ, "ಕೈ ಜ್ವಾಕಿ" ಅನ್ನಲಿಲ್ಲ. "ಭರಣಿ ಜ್ವಾಕಿ" ಅಂದಳು.

ಬೆಳಗಾವಿಯಲ್ಲಿ ಮಗ ಬಸ್ಸಿಗೆ ಬಂದಿದ್ದ. ಕಾರಿನಲ್ಲಿ ಅಂಗೈ ತಿರುವಿ ತೋರಿಸಿದೆ. ಫೋನಿನಲ್ಲಿ ಯಾರ ಜೊತೆಗೋ ಮಾತು ನಡೆದಿತ್ತು. ನಡುವೆ ಒಂದು ಕ್ಷಣ ನೋಡಿ, "ಹಾಂ ಯವ್ವಾ, ಚಲೋ ಆತು. ಆದ್ರ ಇನ್ನ ಮ್ಯಾಲೆ ಜ್ವಾಕಿ," ಅಂದ.

ಮನೆಯಲ್ಲಿ ಸೊಸೆ ಒಂದು ಡಬ್ಬಿ ತಂದು ಮುಂದಿಟ್ಟಳು. ಒಳಗೆ ಬೆಳ್ಳಿಯ ಸಣ್ಣ ಪೀಠ, ಕಮಲದ ಎಸಳು ಕೆತ್ತಿದ್ದು, ನಡುವೆ ಲಿಂಗ ಕುಂದರುವಷ್ಟು ಗುಳಿ. ಅವಳ ಮಾರಿ ಅರಳಿತ್ತು. "ಇನ್ನ ಬೀಳೂ ಚಿಂತಿ ಇಲ್ರಿ ಅತ್ತಿ. ನಿಮ್ಮ ಸಲುವಾಗಿ ಹೇಳಿ ಮಾಡಿಸೀನಿ."

"ಚಲೋ ಐತಿ," ಅಂದೆ. ಚಲೋನೇ ಇತ್ತು.

"ಖಾನಾಪುರದಾಗ ಕೈಗೆ ಆರಾಮ ಸಿಕ್ತಲ್ಲರಿ?"

"ಇಲ್ಲ. ಅದಕ್ಕ ನೆಟ್ಟಗಾತು."

ಅವಳು ನಕ್ಕಳು, ನಾನು ಚಾಷ್ಟಿ ಮಾಡಿದೆ ಅಂತ. ಊಟಕ್ಕೆ ಅಂಗಡಿಯ ರೊಟ್ಟಿ ಮುರಿದು ನನ್ನ ತಾಟಿಗೆ ಇಟ್ಟಳು. ಮಗ ಉಪ್ಪಿನಕಾಯಿ ಎರಡು ಸಲ ಹಾಕಿಸಿಕೊಂಡ. "ಯಾರ ಹಾಕಿದ್ದು? ಭಾರಿ ಆಗೇತಿ."

"ನನ್ನ ಕೈಯಾಗಿಂದ ಬಿದ್ದ ಹಣ್ಣು," ಅಂದೆ. ಅವನು ತಿನ್ನುತ್ತಾ ಗೋಣು ಹಾಕಿದ.

ಮರುದಿನ ಮುಂಜಾನೆ ಅವರು ಏಳುವ ಮೊದಲು ಜಳಕ ಮಾಡಿದೆ. ಬಿದ್ದ ಜಾಗದಲ್ಲೇ, ಸೋಫಾದ ಎದುರಿಗೆ ಕುಂತೆ. ಮುಂದೆ ಫರಶಿಯ ಮೇಲೆ ಅರಿವೆ ಹಾಸಲಿಲ್ಲ. ಹಾಸಿದರೆ ಕೈ ಅದನ್ನೇ ನಂಬುತ್ತದೆ. ಮೊಣಕಾಲಿನ ಆಸರೆಯನ್ನೂ ಕೊಡಲಿಲ್ಲ. ಕರಡಿಗೆ ಬಿಚ್ಚಿ, ಕಂತಿ ಎದ್ದ ಕಡೆ ನನ್ನ ಕಡೆಗೆ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟೆ. ಬಲಗೈ ತೆಗೆದೆ.

ಚೂರು ಸರಿಯಿತು. ಮೊಣಕೈಯಿಂದ ಬಿಗಿ ಹಿಡಿದೆ. ಉರಿ ಎದ್ದಿತು. ನಿಂತಿತು.

ನೀರು ಹಾಕಿದೆ, ಸಪ್ಪಳ ಆಗಲಿಲ್ಲ. ವಿಭೂತಿ ಹಚ್ಚಿದೆ, ಹೂವು ಇಟ್ಟೆ, ಅದು ಬೆಚ್ಚಗಾಗುವ ತನಕ ನೋಡುತ್ತಾ ಕುಂತೆ. ಆಮೇಲೆ ಕರಡಿಗೆಗೆ ಹಾಕಿ ಕಟ್ಟಿಕೊಂಡೆ. ಬೆಳ್ಳಿ ಪೀಠ ಗೋಡೆಯಲ್ಲಿನ ದೇವರ ಮಾಡದಲ್ಲಿ ಹೊಳೆಯುತ್ತಿತ್ತು, ಅದರ ಮೇಲೆ ನನ್ನ ಚಸ್ಮಾ ಇಟ್ಟೆ. ಚಹಾ ಮಾಡಿ ಮುಂದಿಟ್ಟುಕೊಂಡೆ. ಕೆನೆ ಕಟ್ಟಿತು, ಸುಕ್ಕಾಯಿತು, ನೋವು ಇಳಿಯಿತು. ತಣ್ಣಗೆ ಕುಡಿದು, ಎದ್ದು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು, ಹಂಚು ಇಟ್ಟು, ಒಲೆ ಹಚ್ಚಿದೆ. ಮೊದಲನೇ ರೊಟ್ಟಿ ನಡುವೆ ಹರಿಯಿತು. ಎರಡನೇದಕ್ಕೆ ಹಿಟ್ಟು ತಗೊಂಡೆ.